17 ವರ್ಷ ಫೌಂಡ್ರಿಯಲ್ಲಿ ದುಡಿದರೂ ಮ್ಯಾನೇಜರ್ ಕುರ್ಚಿ ಜೂನಿಯರ್‌ಗೆ ಹೋಯಿತು. ನನ್ನಲ್ಲಿ ಏನು ಕಡಿಮೆ?

ಮರಳು ಮಾಸ್ತರ (ಭಾನುವಾರ, ರಾತ್ರಿ 10:20)

ಎಲ್ಲರಿಗೂ ನಮಸ್ಕಾರ. ಬೆಳಗಾವಿ ಉದ್ಯಮಬಾಗದಲ್ಲಿ ಕಬ್ಬಿಣ ಎರೆಯುವ ಒಂದು ಫೌಂಡ್ರಿಯಲ್ಲಿ 17 ವರ್ಷದಿಂದ ಇದ್ದೇನೆ. ಕಂಪನಿ ಹೆಸರು ಬೇಡ. ಈಗ ಅಸಿಸ್ಟೆಂಟ್ ಮ್ಯಾನೇಜರ್. ಮರಳಿನ ಅಚ್ಚು ಮಾಡುವ ಮೋಲ್ಡಿಂಗ್, ಕಬ್ಬಿಣ ಕರಗಿಸುವ ಮೆಲ್ಟಿಂಗ್ ಎರಡೂ ನಾನೇ ನೋಡುತ್ತೇನೆ.

ಪ್ಲಾಂಟ್ ಮ್ಯಾನೇಜರ್ ಹುದ್ದೆ ಎರಡು ಸಲ ಖಾಲಿ ಆಯಿತು. ಮೊದಲ ಸಲ ಕೊಲ್ಹಾಪುರದಿಂದ ಯಾರನ್ನೋ ಕರೆತಂದರು. ಹೋಗಲಿ, ಹೊರಗಿನವರು ಅಂತ ಸುಮ್ಮನಾದೆ. ಈ ಸಲ ನನಗಿಂತ ಆರು ವರ್ಷ ಚಿಕ್ಕವನಿಗೆ ಕೊಟ್ಟರು. ಮರಳನ್ನು ಮುಷ್ಟಿಯಲ್ಲಿ ಹಿಡಿದು, ಒತ್ತಿ, ಮಧ್ಯಕ್ಕೆ ಮುರಿದು ನೋಡುವುದನ್ನು ಅವನಿಗೆ ಕಲಿಸಿದ್ದೇ ನಾನು. ಬೆರಳಿನ ಅಚ್ಚು ಚೆನ್ನಾಗಿ ಮೂಡಿ, ಅಂಚು ಉದುರದೆ ಮುರಿದರೆ ಮರಳು ಸರಿ ಇದೆ ಅಂತ ಅರ್ಥ. ಅವನಿಗೆ ಇವತ್ತಿಗೂ ಅದು ಅರ್ಧ ಮಾತ್ರ ಗೊತ್ತು.

ಮಾಲೀಕರು ಕರೆದು ಹೇಳಿದ್ದು ಒಂದೇ ಮಾತು. "ನೀವು ಫರ್ನೇಸ್ ಬಿಟ್ಟು ಬಂದರೆ ಫರ್ನೇಸ್ ನೋಡೋರು ಯಾರ್ರೀ?" ಅದು ಹೊಗಳಿದ್ದೋ ಬೈದದ್ದೋ ಇನ್ನೂ ತಿಳಿದಿಲ್ಲ. ಮನೆಯಲ್ಲಿ ಹೇಳಿದರೆ ಹೆಂಡತಿ ನಕ್ಕಳು. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಕೆಲಸ ಬಲ್ಲವನಿಗೆ ಮೇಲೆ ಹೋಗಲು ಇನ್ನೇನು ಬೇಕು?

ಕರದಂಟು (ರಾತ್ರಿ 10:34)

ಬೆಣ್ಣೆ ಬೇಕು ಸಾಹೇಬ್ರ. ಕಾಲು ಕಿಲೋ ಸಾಕು, ದಿನಾ ಬೆಳಿಗ್ಗೆ ಒಂಬತ್ತಕ್ಕೆ ಹಚ್ಚಬೇಕು. ಅದೂ ಇಲ್ಲದಿದ್ದರೆ ಮಾಲೀಕರ ಹೆಂಡತಿ ಕಡೆ ಸಂಬಂಧ ಇರಬೇಕು. ಮುಂದಿನ ಪ್ರಶ್ನೆ ಕೇಳಿ.

ಟಿಳಕವಾಡಿ ಅಜ್ಜ (ರಾತ್ರಿ 11:05)

ಕರದಂಟು, ನಿನ್ನ ಮಾತು ಪೂರ್ತಿ ಸುಳ್ಳಲ್ಲ. ಅದಕ್ಕೆ ಆಮೇಲೆ ಬರೋಣ.

ಮಾಸ್ತರರೇ, ನಾನು ರಿಟೈರ್ ಆಗಿ ಒಂಬತ್ತು ವರ್ಷ ಆಯಿತು. ಕೊನೆಯ ಹನ್ನೊಂದು ವರ್ಷ ಒಂದು ಮಷಿನ್ ಶಾಪ್‌ನಲ್ಲಿ ಜನರಲ್ ಮ್ಯಾನೇಜರ್ ಆಗಿದ್ದೆ. ಉತ್ತರ ಹೇಳುವ ಮೊದಲು ಎರಡು ವಿಷಯ ಕೇಳುತ್ತೇನೆ. ಒಂದು, ಕಳೆದ ಸಲ ದೊಡ್ಡ ರಿಜೆಕ್ಷನ್ ಬಂದಾಗ ಗಿರಾಕಿ ಜೊತೆ ಯಾರು ಮಾತಾಡಿದರು, ಏನು ಮಾತಾಡಿದರು? ಎರಡು, ನಿಮಗೆ ಹದಿನೈದು ದಿನ ಜ್ವರ ಬಂದು ಮಲಗಿದರೆ ನಿಮ್ಮ ಜಾಗದಲ್ಲಿ ಯಾರು ನಿಲ್ಲುತ್ತಾರೆ?

ಮರಳು ಮಾಸ್ತರ (ಸೋಮವಾರ, ಬೆಳಿಗ್ಗೆ 6:50)

ಎರಡನೆಯದಕ್ಕೆ ಉತ್ತರ ಸುಲಭ. ಯಾರೂ ಇಲ್ಲ. 17 ವರ್ಷದಲ್ಲಿ ನಾನು ಸತತ ನಾಲ್ಕು ದಿನಕ್ಕಿಂತ ಜಾಸ್ತಿ ರಜೆ ಹಾಕಿಲ್ಲ. ತಂಗಿ ಮದುವೆಯಲ್ಲೂ ಅಕ್ಷತೆ ಹಾಕಿ ಸಂಜೆ ಶಿಫ್ಟಿಗೆ ಬಂದಿದ್ದೆ.

ಮೊದಲನೆಯದನ್ನು ಸ್ವಲ್ಪ ಉದ್ದ ಹೇಳಬೇಕು. ಹೋದ ವರ್ಷ ಜುಲೈ. ನಮ್ಮ ಊರಿನ ಮಳೆ ಗೊತ್ತಲ್ವಾ, ಒಂದು ವಾರ ಬಿಡಲಿಲ್ಲ. ಶೆಡ್ಡಿನ ಒಂದು ಮೂಲೆಯಲ್ಲಿ ಸೋರಿ ಮರಳು ನೆನೆದಿತ್ತು. ಮರಳಿನಲ್ಲಿ ನೀರು ಶೇಕಡಾ 3ರಿಂದ 4ರ ಒಳಗಿರಬೇಕು, ಅವತ್ತು ಐದರ ಹತ್ತಿರ ಹೋಗಿತ್ತು. ಹಸಿ ಮರಳಿನ ಮೇಲೆ 1400 ಡಿಗ್ರಿ ಆಸುಪಾಸಿನ ಕಬ್ಬಿಣ ಬಿದ್ದರೆ ಏನಾಗುತ್ತದೆ? ನೀರು ಹಬೆಯಾಗಿ ಕಬ್ಬಿಣದೊಳಗೆ ಸಿಕ್ಕಿಕೊಳ್ಳುತ್ತದೆ. ಬ್ಲೋ ಹೋಲ್. ಮೇಲಿಂದ ನೋಡಿದರೆ ಪಂಪ್ ಬಾಡಿ ಬಂಗಾರದ ಹಾಗೆ ಇತ್ತು. ಪುಣೆಯ ಗಿರಾಕಿ ಮಷಿನಿಂಗ್‌ಗೆ ಹಾಕಿದ ಮೇಲೆ ಒಳಗಿನ ತೂತು ಕಾಣಿಸಿತು.

ಪುಣೆಯವರು ಫೋನ್ ಮಾಡಿದರು. ಮಾಲೀಕರ ಕ್ಯಾಬಿನ್‌ನಲ್ಲಿ ಸ್ಪೀಕರ್ ಹಾಕಿ ಕೂತಿದ್ದೆವು. ಮರಳು ಹೇಗೆ ನೆನೆಯಿತು, ಮರಳಿಗೆ ಅಂಟು ಕೊಡುವ ಬೆಂಟೊನೈಟ್ ಎಷ್ಟು ಹಾಕಿದ್ದೆವು, ಹಬೆ ಹೊರಗೆ ಹೋಗುವ ವೆಂಟ್ ಎಲ್ಲಿ ಸಾಲಲಿಲ್ಲ, ಎಲ್ಲವನ್ನೂ ನಾನು ವಿವರಿಸಿದೆ. ಅರ್ಧ ಗಂಟೆ ಆಗಿರಬೇಕು. ಒಂದು ಅಂಕಿಯೂ ತಪ್ಪಿಲ್ಲ. ನಾನು ಮುಗಿಸಿದ ಮೇಲೆ ಆ ಕಡೆಯಿಂದ ಮಾತೇ ಇಲ್ಲ. ಆಗ, ಈಗ ಕುರ್ಚಿ ಸಿಕ್ಕಿರುವ ಆ ಹುಡುಗ ಬಾಯಿ ಹಾಕಿದ. "ಸರ್, ಇನ್ನೂರು ಪೀಸ್ ಬುಧವಾರ ಬೆಳಿಗ್ಗೆ ನಿಮ್ಮ ಗೇಟಿನಲ್ಲಿರುತ್ತವೆ. ಉಳಿದವು ಶನಿವಾರ. ಮೊದಲ ಗಾಡಿ ಜೊತೆ ನಾನೇ ಬರುತ್ತೇನೆ, ನಿಮ್ಮ ಮುಂದೆಯೇ ನಾಲ್ಕು ಪೀಸ್ ಕೊಯ್ದು ನೋಡೋಣ." ಪುಣೆಯವರು "ಚಾಲೇಲ್" (ನಡೆಯುತ್ತದೆ) ಅಂದು ಫೋನ್ ಇಟ್ಟರು.

ಬುಧವಾರಕ್ಕೆ ಇನ್ನೂರು ಪೀಸ್ ಮಾಡಿದ್ದು ಯಾರು? ಎರಡು ರಾತ್ರಿ ಮರಳಿನ ಹತ್ತಿರ ನಿಂತಿದ್ದು ನಾನು. ಗಾಡಿಯಲ್ಲಿ ಹೋಗಿದ್ದು ಅವನು.

ಟಿಳಕವಾಡಿ ಅಜ್ಜ (ಬೆಳಿಗ್ಗೆ 9:15)

ನೀವೇ ಎಲ್ಲ ಬರೆದುಬಿಟ್ಟಿದ್ದೀರಿ. ಇನ್ನೊಂದು ಸಲ ಓದಿ.

ಪುಣೆಯವರ ಲೈನ್ ನಿಂತಿತ್ತು. ಅವರ ತಲೆಯಲ್ಲಿ ಇದ್ದದ್ದು ಒಂದೇ, "ನನ್ನ ಸಾಹೇಬರಿಗೆ ಸಂಜೆ ಏನು ಹೇಳಲಿ?" ಆ ಹುಡುಗ ಅವರ ಬಾಯಿಗೆ ಒಂದು ಉತ್ತರ ಕೊಟ್ಟ. ಬುಧವಾರ. ನೀವು ಅವರಿಗೆ ಒಂದು ಪಾಠ ಕೊಟ್ಟಿರಿ. ಪಾಠವೂ ಬೇಕು, ಆದರೆ ಅದನ್ನು ಆಮೇಲೆ ಬರೆದು ಕಳಿಸಬಹುದಿತ್ತು.

ಇನ್ನೊಂದು ಕೇಳುತ್ತೇನೆ, ಬೇಜಾರಾಗಬೇಡಿ. ಮರಳು ನೆನೆದದ್ದು ನಿಮಗೆ ಯಾವಾಗ ಗೊತ್ತಾಯಿತು? ಅವತ್ತೇ ಗೊತ್ತಾಗಿರಬೇಕು, ಮುಷ್ಟಿಯಲ್ಲಿ ಹಿಡಿದು ನೋಡುವವರು ನೀವು. ಮಾಲೀಕರಿಗೆ ಯಾವಾಗ ಹೇಳಿದಿರಿ?

ಮರಳು ಮಾಸ್ತರ (ಮಧ್ಯಾಹ್ನ 1:30)

ಹೇಳಲಿಲ್ಲ. ಸರಿ ಮಾಡಿಕೊಳ್ಳೋಣ, ಆಮೇಲೆ ಹೇಳಿದರಾಯಿತು ಅಂತ ಇದ್ದೆ. ಅಷ್ಟರಲ್ಲಿ ಒಂದು ಹೀಟ್, ಅಂದರೆ ಒಂದು ಸಲ ಕರಗಿಸಿದ ಕಬ್ಬಿಣ, ಎರೆದಾಗಿತ್ತು.

ಟಿಳಕವಾಡಿ ಅಜ್ಜ (ಮಧ್ಯಾಹ್ನ 1:48)

ಹಾಂ. ಮಾಲೀಕರು ನಷ್ಟವನ್ನು ಮರೆಯುತ್ತಾರೆ. ಪುಣೆಯವರ ಬಾಯಿಂದ ಮೊದಲು ಕೇಳಿದ್ದನ್ನು ಮರೆಯುವುದಿಲ್ಲ. ನನ್ನ ಕೆಳಗೆ ಇಬ್ಬರು ಇದ್ದರು. ಒಬ್ಬ ಬಂದರೆ ಬರೀ ಒಳ್ಳೆ ಸುದ್ದಿ. ಇನ್ನೊಬ್ಬ ಬೆಳಿಗ್ಗೆ ಏಳೂವರೆಗೇ ಬಾಗಿಲಲ್ಲಿ ನಿಂತು "ಸರ್, ಒಂದು ಎಡವಟ್ಟಾಗಿದೆ, ಹೀಗೆ ಮಾಡುತ್ತಿದ್ದೇನೆ" ಅನ್ನುತ್ತಿದ್ದ. ಎರಡನೆಯವನು ಬರದ ದಿನ ನಾನು ಆರಾಮಾಗಿ ಚಹಾ ಕುಡಿಯುತ್ತಿದ್ದೆ. ಮೊದಲನೆಯವನು ಬಂದರೂ ಹೆದರಿಕೆ, ಬರದಿದ್ದರೂ ಹೆದರಿಕೆ.

ಮುಧೋಳ ಕಬ್ಬು (ಮಧ್ಯಾಹ್ನ 3:10)

ನಾನು ಬಾಗಲಕೋಟೆ ಜಿಲ್ಲೆಯವನು. ಸಕ್ಕರೆ ಕಾರ್ಖಾನೆಯಲ್ಲಿ ಲ್ಯಾಬ್ ಕೆಮಿಸ್ಟ್ ಆಗಿ ಸೇರಿ, ಈಗ ಮ್ಯಾನೇಜರ್ ಆಗಿದ್ದೇನೆ. ಮೇಲೆ ಬಂದದ್ದು ಕೆಮಿಸ್ಟ್ರಿಯಿಂದ ಅಲ್ಲ ಅಂತ ನನಗೆ ಚೆನ್ನಾಗಿ ಗೊತ್ತು. ಒಂದು ಮಧ್ಯಾಹ್ನದ ಕಥೆ ಹೇಳುತ್ತೇನೆ.

ಹಂಗಾಮಿನ ಸಮಯ. ಕಬ್ಬು ತೂಗುವ ಕಾಟಾ ಮುಂದೆ ಟ್ರ್ಯಾಕ್ಟರ್ ಸಾಲು ಒಂದು ಕಿಲೋಮೀಟರ್. ರೈತರು ಕಾಟಾ ಬಂದ್ ಮಾಡಿ ಕೂತರು. ಜಗಳ ಇಳುವರಿಯದು, ಅಂದರೆ ನೂರು ಕಿಲೋ ಕಬ್ಬಿನಿಂದ ಎಷ್ಟು ಕಿಲೋ ಸಕ್ಕರೆ ಬರುತ್ತದೆ ಅನ್ನುವುದು. ಹೊರಗಿನವರಿಗೆ ಗೊತ್ತಿರಲಿ ಅಂತ ಹೇಳುತ್ತೇನೆ. ಕೇಂದ್ರ ಸರ್ಕಾರ ಕಬ್ಬಿಗೆ ನಿಗದಿ ಮಾಡುವ ಕನಿಷ್ಠ ದರ, ಅಂದರೆ ಎಫ್‌ಆರ್‌ಪಿ, ಇಳುವರಿಗೆ ತಳಕು ಹಾಕಿಕೊಂಡಿದೆ. 2025-26ರ ಹಂಗಾಮಿಗೆ ಕ್ವಿಂಟಲ್‌ಗೆ 355 ರೂಪಾಯಿ, ಅದು ಶೇಕಡಾ 10.25 ಇಳುವರಿ ಇದ್ದರೆ. ಇಳುವರಿ ಮೇಲೆ ಹೋದರೆ ದರವೂ ಮೇಲೆ. ಆ ಅಂಕಿ ತೆಗೆಯುವುದು ಕಾರ್ಖಾನೆ ಲ್ಯಾಬ್. ರೈತನಿಗೆ ಅನುಮಾನ ಬರದೆ ಇರುತ್ತದಾ?

ನಮ್ಮ ಆಗಿನ ಸಾಹೇಬರು ಪೊಲೀಸರಿಗೆ ಫೋನ್ ಮಾಡಿ ಅಂದರು. ನಾನು ಹೊರಗೆ ಹೋದೆ. ಧೈರ್ಯ ಅಂತ ಅಲ್ಲ, ಆ ಸಾಲಿನಲ್ಲಿ ನಮ್ಮ ಸೋದರಮಾವನ ಟ್ರ್ಯಾಕ್ಟರ್ ಇತ್ತು. ಹಿರಿಯರು ಇಬ್ಬರನ್ನು ಒಳಗೆ ಕರೆದುಕೊಂಡು ಬಂದು, ಅವರ ಮುಂದೆಯೇ ರಸ ತೆಗೆದು ಬ್ರಿಕ್ಸ್, ಅಂದರೆ ರಸದಲ್ಲಿ ಕರಗಿದ ಅಂಶ ಎಷ್ಟು ಅಂತ ನೋಡಿದೆ. ಸಕ್ಕರೆ ಅಳೆಯುವ ಪೋಲಾರಿಮೀಟರ್‌ನಲ್ಲಿ ಅವರ ಕಣ್ಣನ್ನೇ ಇಡಿಸಿದೆ. ಒಬ್ಬರು ಕೇಳಿದರು, "ನನ್ನ ಕಬ್ಬಿಂದು ಬೇರೆ ಯಾಕ ತೆಗೆಯಂಗಿಲ್ಲ?" ನಾನು ಕೇಳಿದೆ, "ಅಜ್ಜಾರ, ಗಾಣದಾಗ ನಾಲ್ಕು ಮಂದಿ ಕಬ್ಬಿನ ಹಾಲು ಒಂದೇ ಕೊಪ್ಪರಿಗೆಗೆ ಬಿದ್ದ ಮ್ಯಾಲ, ಬೆಲ್ಲದಾಗ ನಿಮ್ಮದು ಯಾವುದು ಅಂತ ಆರಿಸಾಕ ಬರ್ತದೇನು?" ಮಹಾಲಿಂಗಪುರದ ಬೆಲ್ಲ ನೋಡಿ ಬೆಳೆದ ಜನ, ತಕ್ಷಣ ಅರ್ಥವಾಯಿತು. ದರದ ಜಗಳ ಅಲ್ಲಿಗೆ ಮುಗಿಯಲಿಲ್ಲ, ಅದು ಮುಗಿಯುವಂಥದ್ದೂ ಅಲ್ಲ. ಆದರೆ ಸಂಜೆ ಐದಕ್ಕೆ ಕಾಟಾ ಶುರುವಾಯಿತು.

ಆಮೇಲೆ ಏನೇ ಗಲಾಟೆಯಾದರೂ "ಆ ಲ್ಯಾಬಿನವನನ್ನು ಕರೀರಿ" ಅನ್ನತೊಡಗಿದರು. ನನ್ನ ಪ್ರಮೋಶನ್ ಅವತ್ತೇ ಆಯಿತು. ಕಾಗದ ಬಂದಿದ್ದು ಮೂರು ವರ್ಷದ ಮೇಲೆ.

ಕರದಂಟು (ಮಧ್ಯಾಹ್ನ 3:25)

ಸೋದರಮಾವನ ಟ್ರ್ಯಾಕ್ಟರ್! ನೋಡಿದಿರಾ, ಕೊನೆಗೂ ಸಂಬಂಧವೇ ಕೆಲಸಕ್ಕೆ ಬಂತು.

ಹತ್ತರಗಿ ಬಸ್ಸು (ರಾತ್ರಿ 8:40)

ಇಲ್ಲಿಯವರೆಗೆ ಎಲ್ಲ ಗಂಡಸರೇ ಬರೆದಿದ್ದೀರಿ. ನಾನೂ ಸ್ವಲ್ಪ ಬರೆಯುತ್ತೇನೆ.

ನಾನು ವಿಮಾನದ ಬಿಡಿಭಾಗ ಮಾಡುವ ಕಡೆ ಪರ್ಚೇಸ್ ನೋಡುತ್ತೇನೆ. ದಿನಾ ಬೆಳಗಾವಿಯಿಂದ ಕಂಪನಿ ಬಸ್ಸು. ಹಿಂದೆ ಇದ್ದ ಕಂಪನಿಯಲ್ಲಿ ನಡೆದದ್ದು ಹೇಳುತ್ತೇನೆ. ಮೀಟಿಂಗ್‌ನಲ್ಲಿ ತೀರ್ಮಾನ ಆಗುತ್ತದೆ ಅಂತ ನಾನು ನಂಬಿದ್ದೆ. ನಾಲ್ಕು ವರ್ಷ ನಂಬಿದ್ದೆ! ಆಮೇಲೆ ಗೊತ್ತಾಯಿತು, ತೀರ್ಮಾನ ಆಗುತ್ತಿದ್ದದ್ದು ಹೈವೇ ಧಾಬಾದಲ್ಲಿ, ರಾತ್ರಿ ಒಂಬತ್ತರ ಮೇಲೆ. ಮರುದಿನ ಮೀಟಿಂಗ್‌ನಲ್ಲಿ ಅದಕ್ಕೆ ಸಹಿ ಮಾತ್ರ. ಆರಕ್ಕೆ ಬಸ್ಸು ಹತ್ತುವವಳಿಗೆ ಆ ಬಾಗಿಲೇ ಇಲ್ಲ. ನನ್ನಲ್ಲಿ "ಲೀಡರ್‌ಶಿಪ್ ಕಡಿಮೆ" ಅಂತ ಅಪ್ರೈಸಲ್‌ನಲ್ಲಿ ಬರೆದರು. ಧಾಬಾ ಕಡಿಮೆ ಅಂತ ಬರೆದಿದ್ದರೆ ಒಪ್ಪಿಕೊಳ್ಳುತ್ತಿದ್ದೆ.

ನಾನು ಮಾಡಿದ್ದು ಎರಡೇ. ಮೀಟಿಂಗ್‌ಗೆ ಒಂದು ದಿನ ಮೊದಲು, ಮುಖ್ಯವಾದ ಮೂವರನ್ನು ಅವರವರ ಟೇಬಲ್ ಹತ್ತಿರ ಹೋಗಿ ಐದೈದು ನಿಮಿಷ ಮಾತಾಡಿಸತೊಡಗಿದೆ. "ನಾಳೆ ಇದನ್ನು ಎತ್ತುತ್ತೇನೆ, ನಿಮಗೆ ಏನಾದರೂ ತೊಂದರೆ ಇದೆಯಾ?" ಇಷ್ಟೇ. ನನ್ನ ಧಾಬಾ ಅದು, ಚಹಾದ್ದು. ಇನ್ನೊಂದು, ಬಾಯಿ ಬಿಟ್ಟು ಕೇಳಿದೆ. "ನನಗೆ ಮ್ಯಾನೇಜರ್ ಆಗಬೇಕು, ಯಾವಾಗ, ಅದಕ್ಕೆ ಏನು ಮಾಡಬೇಕು?" ಸಾಹೇಬರು ಗಾಬರಿಯಾದರು. "ನಿಮಗೆ ಇಷ್ಟ ಇದೆ ಅಂತ ಗೊತ್ತೇ ಇರಲಿಲ್ಲ, ಮಕ್ಕಳು ಚಿಕ್ಕವರು ಅಂತ ನಾವೇ ಬಿಟ್ಟಿದ್ದೆವು" ಅಂದರು. ನಾವೇ ಬಿಟ್ಟಿದ್ದೆವು ಅಂತೆ!

ಮಾಸ್ತರರೇ, ನಿಮಗೆ ಆ ಕುರ್ಚಿ ಬೇಕು ಅಂತ ಮಾಲೀಕರಿಗೆ ಬಾಯಿಬಿಟ್ಟು ಹೇಳಿದ್ದೀರಾ?

ಮರಳು ಮಾಸ್ತರ (ರಾತ್ರಿ 9:55)

ಇಲ್ಲ. ಅವರಿಗೇ ತಿಳಿಯಬೇಕು ಅಂದುಕೊಂಡಿದ್ದೆ.

ಗೋಳಗುಮ್ಮಟದ ನೆರಳು (ರಾತ್ರಿ 10:15)

ವಿಜಯಪುರದಿಂದ. ಸರ್ಕಾರಿ ಬ್ಯಾಂಕು. ನಮ್ಮಲ್ಲಿ ಸ್ಕೇಲ್ 1ರಿಂದ ಮೇಲಕ್ಕೆ ಮೆಟ್ಟಿಲು ಇದೆ, ಪರೀಕ್ಷೆ, ಸಂದರ್ಶನ ಎಲ್ಲ ಇದೆ. ಆದರೂ ಮೇಲೆ ಹೋಗುವವರು ಯಾರು ಅಂದರೆ ಪೆಟ್ಟಿಗೆ ಕಟ್ಟಲು ತಯಾರಿರುವವರು. ಪ್ರಮೋಶನ್ ಜೊತೆ ವರ್ಗಾವಣೆ ಬಂದೇ ಬರುತ್ತದೆ. ನಾನು ಎರಡು ಸಲ ಅರ್ಜಿಯೇ ಹಾಕಲಿಲ್ಲ. ಅಪ್ಪನಿಗೆ ವಾರಕ್ಕೆ ಎರಡು ಡಯಾಲಿಸಿಸ್ ಇತ್ತು. ನನ್ನ ಬ್ಯಾಚಿನವನು ಈಗ ಭೋಪಾಲದಲ್ಲಿ ದೊಡ್ಡ ಸಾಹೇಬ. ಮಗಳ ಜೊತೆ ವಿಡಿಯೋ ಕಾಲ್‌ನಲ್ಲೇ ಊಟ ಮಾಡುತ್ತಾನೆ. ನನಗೆ ಹೊಟ್ಟೆಕಿಚ್ಚು ಇಲ್ಲ ಅಂದರೆ ಸುಳ್ಳಾಗುತ್ತದೆ, ಆದರೆ ತಿಂಗಳಿಗೆ ಒಂದು ದಿನ ಮಾತ್ರ, ಸಂಬಳದ ದಿನ.

ಪಾಠ ಹೇಳಿದವನು (ಮಂಗಳವಾರ, ಬೆಳಿಗ್ಗೆ 7:20)

ಮ್ಯಾನೇಜ್‌ಮೆಂಟ್ ವಿಷಯ ಇಪ್ಪತ್ತು ವರ್ಷ ಹೇಳಿಕೊಟ್ಟ ಚಟ, ಬಿಡುವುದಿಲ್ಲ. 1955ರಲ್ಲಿ ರಾಬರ್ಟ್ ಕಾಟ್ಜ್ ಎಂಬವರು ಹಾರ್ವರ್ಡ್ ಬಿಸಿನೆಸ್ ರಿವ್ಯೂದಲ್ಲಿ ಒಂದು ಲೇಖನ ಬರೆದರು. ಮೇಲಧಿಕಾರಿಗೆ ಮೂರು ಬಗೆಯ ಕೌಶಲ ಬೇಕು ಅಂತ. ಕೆಲಸದ್ದು, ಜನರ ಜೊತೆ ನಡೆದುಕೊಳ್ಳುವುದು, ಇಡೀ ಸಂಸ್ಥೆಯನ್ನು ಒಟ್ಟಿಗೆ ನೋಡುವುದು. ಕೆಳಗಿನ ಮೆಟ್ಟಿಲಲ್ಲಿ ಮೊದಲನೆಯದು ಮುಖ್ಯ. ಮೇಲೆ ಹೋದಷ್ಟೂ ಮೂರನೆಯದರ ತೂಕ ಜಾಸ್ತಿ. ಮಧ್ಯದ್ದು ಎಲ್ಲ ಮೆಟ್ಟಿಲಲ್ಲೂ ಬೇಕೇ ಬೇಕು.

ಗೂಗಲ್ ಕಂಪನಿಯಲ್ಲೂ ಪ್ರಾಜೆಕ್ಟ್ ಆಕ್ಸಿಜನ್ ಅಂತ ಒಂದು ಅಧ್ಯಯನ ನಡೆಯಿತು. ಒಳ್ಳೆಯ ಮ್ಯಾನೇಜರ್‌ಗಳ ಎಂಟು ಗುಣ ಪಟ್ಟಿ ಮಾಡಿದರು. ತಾಂತ್ರಿಕ ಜ್ಞಾನ ಅದರಲ್ಲಿ ಎಂಟನೆಯದು.

ಕರದಂಟು (ಬೆಳಿಗ್ಗೆ 7:41)

ಗೂಗಲ್‌ನಲ್ಲಿ 1400 ಡಿಗ್ರಿ ಕಬ್ಬಿಣ ಎರೆಯುವುದಿಲ್ಲ ಸರ್. ಎರೆದು ನೋಡಲಿ, ಎಂಟನೆಯದು ಎಷ್ಟು ಬೇಗ ಒಂದನೆಯದಾಗುತ್ತದೆ ಅಂತ.

ಪಾಠ ಹೇಳಿದವನು (ಬೆಳಿಗ್ಗೆ 8:05)

ಈ ಮಾತಿಗೆ ಪೂರ್ತಿ ಅಂಕ. ಎಂಟನೆಯದಾದರೂ ಪಟ್ಟಿಯಲ್ಲಿ ಇದೆ ಅನ್ನುವುದನ್ನು ಜನ ಮರೆಯುತ್ತಾರೆ.

ಎರಡನೇ ಶಿಫ್ಟ್ (ಮಧ್ಯಾಹ್ನ 12:30)

ನಾನು ಮ್ಯಾನೇಜರ್ ಅಲ್ಲ. ಮಚ್ಛೆ ಕಡೆ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಕೆಳಗಿನಿಂದ ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ.

ನಮ್ಮಲ್ಲಿ ಮೋಲ್ಡಿಂಗ್‌ನ ಹಳೇ ಜನ ಖಾನಾಪುರ ಕಡೆಯವರು, ಮರಾಠಿ. ಎರಕವನ್ನು ಉಜ್ಜಿ ಸ್ವಚ್ಛ ಮಾಡುವ ಫೆಟ್ಲಿಂಗ್‌ನಲ್ಲಿ ಬಿಹಾರದ ಹುಡುಗರು, ಹಿಂದಿ. ಸ್ಟೋರ್ಸ್‌ನಲ್ಲಿ ಬೈಲಹೊಂಗಲದವರು, ಕನ್ನಡ. ಹಿಂದಿನ ಮ್ಯಾನೇಜರ್ ಇಂಗ್ಲಿಷ್‌ನಲ್ಲಿ ಬೋರ್ಡ್ ಬರೆದು ಹೋಗುತ್ತಿದ್ದರು. ಈಗಿನವರು ಮೂರೂ ಭಾಷೆ ಹರಕುಮುರುಕು ಮಾತಾಡುತ್ತಾರೆ. ಅವರ ಮರಾಠಿ ಕೇಳಿದರೆ ನಗು ಬರುತ್ತದೆ. ಜನ ನಗುತ್ತಾರೆ, ಅವರೂ ನಗುತ್ತಾರೆ, ಕೆಲಸ ಆಗುತ್ತದೆ.

ಇನ್ನೊಂದು ವಿಷಯ. ಒಬ್ಬ ಹುಡುಗ ಅಚ್ಚಿನ ಒಳಗಿಡುವ ಮರಳಿನ ಕೋರ್ ಬೀಳಿಸಿ ಒಡೆದ. ಹಿಂದಿನವರು ಇಪ್ಪತ್ತು ಜನರ ಮುಂದೆ ಬೈದಿದ್ದರು. ಆ ಮೇಲೆ ಯಾರೂ ಏನನ್ನೂ ಒಡೆಯಲಿಲ್ಲ. ಒಡೆದದ್ದನ್ನು ಅಂಟಿಸಿ ಒಳಗೆ ಇಟ್ಟುಬಿಡುತ್ತಿದ್ದೆವು. ರಿಜೆಕ್ಷನ್ ಏರಿತು, ಕಾರಣ ಮಾತ್ರ ಸಾಹೇಬರಿಗೆ ಕೊನೆಯವರೆಗೂ ಸಿಗಲಿಲ್ಲ. ಈಗಿನವರು ಒಡೆದವನನ್ನು ಪಕ್ಕಕ್ಕೆ ಕರೆದು "ಎಲ್ಲಿ ಹಿಡಿದಿದ್ದೆ, ತೋರಿಸು" ಅಂದರು. ತೋರಿಸಿದ. ಹಿಡಿಯಲು ಜಾಗವೇ ಇರಲಿಲ್ಲ. ಕೋರ್ ಇಡುವ ಸ್ಟ್ಯಾಂಡ್ ಬದಲಾಯಿತು.

ಮಾಸ್ತರರೇ, ತಪ್ಪು ತಿಳಿಯಬೇಡಿ. ನಿಮ್ಮ ಕೆಳಗಿನವರು ನಿಮಗೆ ಹೆದರುತ್ತಾರಾ?

ಮರಳು ಮಾಸ್ತರ (ಸಂಜೆ 6:15)

ಹೆದರುತ್ತಾರೆ. ಅದು ಗೌರವ ಅಂದುಕೊಂಡಿದ್ದೆ.

ಆದರೆ ಒಂದು ಮಾತು ಹೇಳಿಬಿಡುತ್ತೇನೆ. ನೀವೆಲ್ಲ ಹೇಳುವುದು ನೋಡಿದರೆ ಕೆಲಸ ಕಲಿತದ್ದೇ ತಪ್ಪು ಅನ್ನುವ ಹಾಗಿದೆ. ಚೆನ್ನಾಗಿ ಮಾತಾಡುವವನು ಮೇಲೆ, ಮರಳು ಮುಟ್ಟುವವನು ಕೆಳಗೆ. ಇದು ನ್ಯಾಯವಾ?

ಟಿಳಕವಾಡಿ ಅಜ್ಜ (ರಾತ್ರಿ 8:30)

ಕೋಪ ಬಂದದ್ದು ಒಳ್ಳೆಯದಾಯಿತು. ನ್ಯಾಯ ಅಲ್ಲ. ಬರೀ ಮಾತಾಡುವವನ ಗತಿಯನ್ನೂ ನೋಡಿದ್ದೇನೆ. ನಮ್ಮಲ್ಲಿ ಒಬ್ಬರು ಬಂದಿದ್ದರು, ಮಾತು ಅಂದರೆ ಜೇನು. ಫರ್ನೇಸ್‌ನವನು ಒಳಗೋಡೆಯ ಲೈನಿಂಗ್ ಇನ್ನೂ ಹದಿನೈದು ಹೀಟ್ ತಡೆಯುತ್ತದೆ ಅಂದರೆ ಹೌದು ಅನ್ನುತ್ತಿದ್ದರು, ತಡೆಯುವುದಿಲ್ಲ ಅಂದರೂ ಹೌದು. ಅವನ ಮಾತು ಸುಳ್ಳೋ ನಿಜವೋ ತೂಗಲು ಅವರ ಹತ್ತಿರ ಕಲ್ಲೇ ಇರಲಿಲ್ಲ. ಹದಿನಾಲ್ಕು ತಿಂಗಳು ಇದ್ದರು. ನಿಮ್ಮ ಕಲ್ಲು ನಿಮ್ಮ ಹತ್ತಿರ ಇದೆ, ಅದನ್ನು ಯಾರೂ ಕಸಿಯುವುದಿಲ್ಲ.

ಈಗ ಕರದಂಟು ಹೇಳಿದ್ದಕ್ಕೆ ಬರುತ್ತೇನೆ. ಮನೆತನದ ಕಂಪನಿಗಳಲ್ಲಿ ಒಂದು ಮೆಟ್ಟಿಲಿನ ಮೇಲೆ ಹೊರಗಿನವರಿಗೆ ಜಾಗ ಇರುವುದಿಲ್ಲ. ಅಲ್ಲಿ ಅಳಿಯ ಕೂರುತ್ತಾನೆ, ಇಲ್ಲ ತಮ್ಮನ ಮಗ. ನೀವು ಎಷ್ಟೇ ಒಳ್ಳೆಯವರಾದರೂ ಆ ಛಾವಣಿ ಮೇಲೆ ಹೋಗುವುದಿಲ್ಲ. ಅದು ಎಲ್ಲಿದೆ ಅಂತ ನೋಡಿಕೊಳ್ಳಿ. ನಿಮ್ಮ ವಿಷಯದಲ್ಲಿ ಅದಲ್ಲ ತೊಂದರೆ, ಯಾಕೆಂದರೆ ಕುರ್ಚಿ ಸಿಕ್ಕಿದ್ದು ಸಂಬಂಧಿಕನಿಗಲ್ಲ.

ನಿಮ್ಮ ತೊಂದರೆ ಮಾಲೀಕರೇ ಹೇಳಿಬಿಟ್ಟಿದ್ದಾರೆ. ನೀವು ಬಂದರೆ ಫರ್ನೇಸ್ ನೋಡೋರು ಯಾರು? ನೀವು ಅಲ್ಲಿ ಮೊಳೆ ಹೊಡೆದ ಹಾಗೆ ಕೂತಿದ್ದೀರಿ. ಮೊಳೆ ಕಿತ್ತರೆ ಹಲಗೆ ಬೀಳುತ್ತದೆ. ಯಾವ ಮಾಲೀಕ ಕೀಳುತ್ತಾನೆ? ಆ ಹುಡುಗನನ್ನು ಎತ್ತುವಾಗ ಅವನ ಜಾಗಕ್ಕೆ ಯಾರಾದರೂ ಇದ್ದರಾ?

ಮರಳು ಮಾಸ್ತರ (ರಾತ್ರಿ 9:20)

ಇದ್ದರು. ಇಬ್ಬರು. ಅವನೇ ತಯಾರು ಮಾಡಿದ್ದ. ಕೆಲಸ ತಪ್ಪಿಸಿಕೊಳ್ಳಲು ಹುಡುಗರ ತಲೆಗೆ ಕಟ್ಟುತ್ತಾನೆ ಅಂತ ನಾನು ಹಿಂದಿನಿಂದ ಆಡಿಕೊಂಡಿದ್ದೆ.

ಇಲ್ಲಿ ಹೇಳಲು ನಾಚಿಕೆ, ಆದರೂ ಹೇಳುತ್ತೇನೆ. ನನ್ನ ಡ್ರಾಯರ್‌ನಲ್ಲಿ ಒಂದು ಡೈರಿ ಇದೆ. ನೀಲಿ ರಟ್ಟು. ಯಾವ ಕಾಸ್ಟಿಂಗ್‌ಗೆ ಎಷ್ಟು ಡಿಗ್ರಿಯಲ್ಲಿ ಎರೆಯಬೇಕು, ಮಳೆಗಾಲದಲ್ಲಿ ಮರಳಿನ ಮಿಕ್ಸ್ ಎಷ್ಟು ಬದಲಾಯಿಸಬೇಕು, ಅಚ್ಚು ಮೂಡಿಸುವ ಯಾವ ಪ್ಯಾಟರ್ನ್ ಎಲ್ಲಿ ಕೈಕೊಡುತ್ತದೆ, ಎಲ್ಲ ಅದರಲ್ಲಿದೆ. ಹನ್ನೆರಡು ವರ್ಷದ್ದು. ಡ್ರಾಯರ್‌ಗೆ ಬೀಗ. ಕೀಲಿ ನನ್ನ ಜನಿವಾರಕ್ಕೆ, ಇಲ್ಲದಿದ್ದರೆ ಗಾಡಿಯ ಕೀಲಿ ಜೊತೆ. ಇದು ನನ್ನ ಕೈಯಲ್ಲಿ ಇರುವವರೆಗೆ ನನ್ನನ್ನು ಯಾರೂ ತೆಗೆಯಲಾರರು ಅಂದುಕೊಂಡಿದ್ದೆ. ತೆಗೆಯಲಿಲ್ಲ, ನಿಜ. ಎಲ್ಲಿಗೂ ಎತ್ತಲೂ ಇಲ್ಲ.

ಹತ್ತರಗಿ ಬಸ್ಸು (ರಾತ್ರಿ 9:32)

ಅಣ್ಣಾ, ಆ ಡೈರಿಯನ್ನು ಮೊದಲು ಹೊರಗೆ ತೆಗೆಯಿರಿ.

ಕರದಂಟು (ರಾತ್ರಿ 9:40)

ತೆಗೆಯುವ ಮೊದಲು ಒಂದು ಝೆರಾಕ್ಸ್ ಇಟ್ಟುಕೊಳ್ಳಿ. ನಾನು ತಮಾಷೆ ಮಾಡುತ್ತಿಲ್ಲ. ನನ್ನ ಅಪ್ಪ ಹೀಗೇ ಕೆಳಗಿನವರಿಗೆ ಎಲ್ಲ ಕಲಿಸಿಕೊಟ್ಟರು, ಆರು ತಿಂಗಳಿಗೆ ಮಾಲೀಕರು "ಇನ್ನು ನೀವು ಬೇಡ" ಅಂದರು. ಅದಕ್ಕೇ ನನಗೆ ಬೆಣ್ಣೆ ಮಾತು ಬರುತ್ತದೆ.

ಟಿಳಕವಾಡಿ ಅಜ್ಜ (ರಾತ್ರಿ 10:02)

ಆ ಹೆದರಿಕೆ ಸುಳ್ಳಲ್ಲ ಕರದಂಟು. ಅದಕ್ಕೇ ಗುಟ್ಟಾಗಿ ಕೊಡಬಾರದು. ಮಾಲೀಕರ ಮುಂದೆ ಇಟ್ಟು, "ಇಬ್ಬರನ್ನು ಆರು ತಿಂಗಳಲ್ಲಿ ತಯಾರು ಮಾಡುತ್ತೇನೆ, ಆಮೇಲೆ ನನಗೆ ಯಾವ ಕೆಲಸ ಕೊಡುತ್ತೀರಿ?" ಅಂತ ಕೇಳಿಯೇ ಕೊಡಬೇಕು. ಸರಿಯಾದ ಉತ್ತರ ಬರದಿದ್ದರೆ ಉದ್ಯಮಬಾಗದಲ್ಲಿ ಒಂದೇ ಫೌಂಡ್ರಿ ಇಲ್ಲ.

ಮರಳು ಮಾಸ್ತರ (ಏಳು ವಾರದ ಮೇಲೆ, ಶನಿವಾರ ರಾತ್ರಿ 11:10)

ಮರೆತಿರಬಹುದು, ಆದರೂ ಹೇಳುತ್ತೇನೆ. ಮಾಲೀಕರ ಹತ್ತಿರ ಹೋಗಿ ಕೇಳಿದೆ. ಡೈರಿಯನ್ನು ಟೇಬಲ್ ಮೇಲೆ ಇಟ್ಟೆ. ಅವರು ನಾಲ್ಕು ಪುಟ ತಿರುಗಿಸಿ, "ಇದು ಇದೆ ಅಂತಲೇ ನನಗೆ ಗೊತ್ತಿರಲಿಲ್ಲ" ಅಂದರು. ಹೊಸ ಮಷಿನ್ ಮೋಲ್ಡಿಂಗ್ ಲೈನ್ ಬರುತ್ತದಂತೆ, ನೋಡೋಣ ಅಂದರು. ಮಾಲೀಕರ "ನೋಡೋಣ" ಎಂಥದ್ದು ಅಂತ ನಿಮಗೆಲ್ಲ ಗೊತ್ತು. ಕಾಗದದಲ್ಲಿ ಏನೂ ಇಲ್ಲ.

ಕರದಂಟು ಹೇಳಿದ ಹಾಗೆ ಝೆರಾಕ್ಸ್ ಮಾಡಿಸಿದೆ. ಮೂರು ಪ್ರತಿ. ಇಬ್ಬರು ಹುಡುಗರನ್ನು ತೆಗೆದುಕೊಂಡಿದ್ದೇನೆ. ಒಬ್ಬ ಹುಷಾರಿ, ಒಬ್ಬ ಬರೀ ಮೊಬೈಲ್. ಇವತ್ತು ಆ ಹುಷಾರಿ ಹುಡುಗ ಒಂದು ಪುಟ ಹಿಡಿದು ಬಂದ. ಪ್ರತಿ ಸಾಲಿನ ಕೊನೆಗೆ ಒಂದು "ಮ" ಇದೆಯಲ್ಲ ಸರ್, ಮಳೆನಾ, ಮಣ್ಣಾ, ಮ್ಯಾಂಗನೀಸಾ ಅಂತ ಕೇಳಿದ.

ಹತ್ತು ನಿಮಿಷ ನೋಡಿದೆ. ನನಗೇ ನೆನಪಾಗುತ್ತಿಲ್ಲ. ನಾಳೆ ಭಾನುವಾರ, ಫರ್ನೇಸ್ ಬಂದ್. ಹಳೇ ಹೀಟ್ ರಿಜಿಸ್ಟರ್ ತೆಗೆದು ಇಬ್ಬರೂ ಕೂತು ಹುಡುಕೋಣ ಅಂದಿದ್ದೇನೆ.